ಹಿಂಬಾಗಿಲ ಚಿಲಕ

ಬಡಿಗ ಮೌನೇಶ ಗಾಡಿಯ ಹಿಂಬಾಗಿಲ ಪಕ್ಕದ ಮರದ ಪಟ್ಟಿಯನ್ನು ಉಳಿ ಹಾಕಿ ಎಬ್ಬಿಸಿದ. ಸಂದಿಯಿಂದ ಹಿಡಿಯಷ್ಟು ಕಂದು ಪುಡಿ ನನ್ನ ಪಾದದ ಮೇಲೆ ಉದುರಿತು. ಎತ್ತಿ ಮೂಗಿಗೆ ಹಿಡಿದೆ. ತೌಡು! ಗಿರಣಿಯಿಂದ ಆಗಷ್ಟೇ ಇಳಿದ ಬಿಸಿ ತೌಡಿನ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಕಮಟು. ಅದರ ಬೆನ್ನಿಗೇ ಕುಸುಬಿ ಎಣ್ಣೆ, ಗೋಣಿಚೀಲ, ಚಿಗವ್ವನ ಸೆರಗು. ನಾನು ಕೂಗಿಯೇಬಿಟ್ಟೆ. ಬಾನೆಟ್ಟಿನೊಳಗೆ ತಲೆ ತೂರಿಸಿದ್ದ ಮೆಕ್ಯಾನಿಕ್ ಖಾಜಾ ಏನಾಯಿತೋ ಎಂದು ಓಡಿ ಬಂದ. ಪುಡಿಯನ್ನು ಮೂಸಿ ನೋಡಿ, "ಅರೆ ಸಾಬ್, ನಲವತ್ತು ವರ್ಷದ ತೌಡಿಗಿ ಎಲ್ಲೀದು ವಾಸನಿ? ಖಾಲಿ ಧೂಳ್ ಅದ" ಎಂದ. ಇರಬಹುದು. ಅವನ ಮಾತನ್ನು ಮೊದಲಿಗೇ ಬರೆದಿಡುತ್ತಿದ್ದೇನೆ. ಮುಂದೆ ಹೇಳುವುದರಲ್ಲಿ ತೌಡೆಷ್ಟು, ಧೂಳೆಷ್ಟು ಎಂಬುದು ನನಗೂ ಗೊತ್ತಿಲ್ಲ.

ಗಾಡಿಯ ಬಗ್ಗೆ ಮಾತ್ರ ಅನುಮಾನವಿಲ್ಲ. ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದೆ, ನನ್ನ ಮೋಟಾರ್ ವೈಂಡಿಂಗ್ ಅಂಗಡಿಯ ಶೆಡ್ಡಿನಲ್ಲಿ ಅದು ನಿಂತಿತ್ತು. ಮುಂದೆ ಎರಡೇ ಬಾಗಿಲು. ಹಿಂದೆ ಉದ್ದಕ್ಕೂ ಗಾಜು, ಗಾಜಿನ ಸುತ್ತ ಮರದ ಚೌಕಟ್ಟು, ತುದಿಯಲ್ಲಿ ಅಲಮಾರಿಯಂತೆ ತೆರೆದುಕೊಳ್ಳುವ ಜೋಡಿ ಕದ. ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಅಜ್ಜ ಅದನ್ನು ಹೈದರಾಬಾದಿನಿಂದ ತಂದಿದ್ದ. ಮೊದಲ ದಿನ ಊರ ಮಂದಿ, "ಗೌಡ್ರ, ಎತ್ತು ಎಲ್ಲಿ ಬಿಟ್ಟು ಬಂದ್ರಿ?" ಎಂದು ನಕ್ಕರಂತೆ. ಅಜ್ಜನಿಗೂ ಅದು ಬಂಡಿಯೇ. ಕಾರಹುಣ್ಣಿಮೆಯಲ್ಲಿ ಎತ್ತಿನ ಬಂಡಿಗೆ ಮಾಡುವ ಹಾಗೇ ಅದರ ಮರಕ್ಕೂ ಕುಸುಬಿ ಎಣ್ಣೆ ಬಳಿಸುತ್ತಿದ್ದ. ಎಣ್ಣೆಗೆ ಗಿರಣಿಯ ತೌಡು ಮೆತ್ತುತ್ತಿತ್ತು, ತೌಡಿಗೆ ಇರುವೆ, ಇರುವೆಯ ಹಿಂದೆ ಕೋಳಿ. ಕೋಳಿಗಳು ಕಾರನ್ನು ಕುಕ್ಕುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಾಡಿಯ ಬಣ್ಣ ಹಸಿರು ಎಂದು ನಾನು ಆಣೆ ಮಾಡಬಲ್ಲೆ. ನನ್ನಕ್ಕ ಬೂದಿ ಬಣ್ಣ ಎಂದು ಜಗಳಕ್ಕೆ ಬರುತ್ತಾಳೆ. ಕೆರೆದಾಗ ಕೆಳಗೆ ಸಿಕ್ಕಿದ್ದು ನೀಲಿ.

ಎರಡೇ ಬಾಗಿಲ ಗಾಡಿಯಲ್ಲಿ ಹಿಂದೆ ಹೋಗಬೇಕೆಂದರೆ ಮುಂದಿನ ಸೀಟನ್ನು ಬಗ್ಗಿಸಿ ದಾಟಬೇಕು. ಆ ಸೀಟು ಅಜ್ಜನದು, ಅದರ ಮೇಲೆ ಅವನ ಕರಿ ಕಂಬಳಿ. ಮಾವ ಕೂಡುವ ಕಂಬಳಿಗೆ ಸೊಸೆಯ ಕಾಲು ತಾಗಬಾರದು. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಬೇಕಾದ ಮಾತೂ ಅದಾಗಿರಲಿಲ್ಲ. ಅದಕ್ಕೇ ಚಿಗವ್ವ, ನನ್ನ ಕಾಕಾನ ಹೆಂಡತಿ, ಅಕ್ಕಿ ಚೀಲ ಹೋಗುವ ಹಿಂಬಾಗಿಲಿನಿಂದಲೇ ಹತ್ತುತ್ತಿದ್ದಳು. ಸೀಟು ಮಡಚಿದ ಜಾಗದಲ್ಲಿ ಚೀಲದ ಮೇಲೆ, ಹಿಂದಕ್ಕೆ ಮುಖ ಮಾಡಿ ಕೂಡುತ್ತಿದ್ದಳು. ಪಕ್ಕದಲ್ಲಿ ನಾನು. ಎಂಥ ಸುಖ! ರಸ್ತೆ ನಮ್ಮ ಕಾಲ ಕೆಳಗಿನಿಂದ ಹೊರಟು ಉದ್ದಕ್ಕೆ ಬಿಚ್ಚಿಕೊಳ್ಳುತ್ತಿತ್ತು, ಹತ್ತಿಯ ಹೊಲಗಳು ಎರಡೂ ಕಡೆಯಿಂದ ಬಂದು ದೂರದಲ್ಲಿ ಕೂಡಿಕೊಳ್ಳುತ್ತಿದ್ದವು, ಅವಳು ಸೆರಗಿನ ಗಂಟಿನಿಂದ ಹುರಿಗಡಲೆ ತೆಗೆದು ನನ್ನ ಬಾಯಿಗೆ ಒಂದೊಂದೇ ಹಾಕುತ್ತಿದ್ದಳು. ಆ ಜೋಡಿ ಕದಕ್ಕೆ ಹಿಡಿಕೆ ಇದ್ದದ್ದು ಹೊರಗಡೆ ಮಾತ್ರ. ಯಾರಾದರೂ ಬಂದು ತೆಗೆದರೆ ಇಳಿಯಬೇಕು.

ಅವಳ ತವರು ಕುರ್ಡಿ. ನನಗೆ ಏಳೋ ಎಂಟೋ ವರ್ಷವಿದ್ದಾಗ ಅವಳ ಅಪ್ಪ ತೀರಿಕೊಂಡ ಸುದ್ದಿ ಬಂತು. ಗಾಡಿ ಕುರ್ಡಿಯಲ್ಲಿ ನಿಂತಾಗ ಅಂಗಳದ ತುಂಬ ಹಲಗೆ ಬಾರಿಸುವ ಸಪ್ಪಳ, ಅಳು. ಅಜ್ಜ, ಕಾಕಾ ಇಳಿದು ಒಳಗೆ ಹೋದರು. ಹಿಂದೆ ನಾವಿಬ್ಬರೇ ಉಳಿದೆವು. "ಯಪ್ಪಾ, ನೀ ಹಾರಿ ಹೋಗು, ಕದ ತಗಿ" ಎಂದಳು ಚಿಗವ್ವ. ನಾನು ಕಂಬಳಿಯ ಮೇಲೆ ಕಾಲಿಟ್ಟು ಮುಂದಿನ ಬಾಗಿಲಿನಿಂದ ಹಾರಿದೆ. ಹಾರಿದವನು ಹಲಗೆಯವರ ಹತ್ತಿರ ಓಡಿದೆ, ತೊಗಲನ್ನು ಬೆಂಕಿಗೆ ಕಾಯಿಸುವುದನ್ನು ನೋಡುತ್ತ ನಿಂತೆ, ಮರೆತೆ. ಒಳಗೆ ಅವಳು ಗಾಜು ಬಡಿಯುತ್ತಿದ್ದಳು. ಆ ಸಪ್ಪಳದಲ್ಲಿ ಯಾರಿಗೆ ಕೇಳಬೇಕು? ಮುಂದಿನ ಬಾಗಿಲು ತೆರೆದೇ ಇತ್ತು. ಒಂದು ಹೆಜ್ಜೆ ಕಂಬಳಿಯ ಮೇಲೆ ಇಟ್ಟಿದ್ದರೆ ಸಾಕಿತ್ತು. ಇಡಲಿಲ್ಲ. ಅವಳು ಇಳಿಯುವ ಹೊತ್ತಿಗೆ ಅಪ್ಪನನ್ನು ಎತ್ತಿ ಆಗಿತ್ತು. ಮುಖ ನೋಡಿದಳೋ ಇಲ್ಲವೋ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಗಿರಣಿ ಹೋಯಿತು, ಮನೆ ಪಾಲಾಯಿತು, ಅಜ್ಜ, ಕಾಕಾ ಎಲ್ಲ ಹೋದರು. ಗಾಜಿನ ಮೇಲಿನ ಆ ಅಂಗೈ ನನ್ನ ಜೊತೆ ಉಳಿಯಿತು. ಗಿರಣಿಯ ಕೊಟ್ಟಿಗೆಯಲ್ಲಿ ಕೊಳೆಯುತ್ತಿದ್ದ ಗಾಡಿಯನ್ನು ಹೋದ ವರ್ಷ ಲಾರಿಯಲ್ಲಿ ಹೇರಿಕೊಂಡು ಬಂದದ್ದು ಅದಕ್ಕೇ. ಚಿಗವ್ವನಿಗೆ ಈಗ ಒಂದು ಕಣ್ಣು ಮಾತ್ರ ಕಾಣುತ್ತದೆ, ಅದೂ ಮಬ್ಬು. ಆ ಕಣ್ಣು ಇರುವಾಗಲೇ ಅವಳನ್ನು ಮುಂದಿನ ಸೀಟಿನಲ್ಲಿ ಕೂಡಿಸಿ ಕುರ್ಡಿಗೆ ಒಯ್ಯಬೇಕು.

ಗಾಡಿ ದುರಸ್ತಿಯ ಆ ಎಂಟು ತಿಂಗಳು ನಾನು ನೆಟ್ಟಗೆ ಊಟ ಮಾಡಿದ್ದಿಲ್ಲ! ಗಿಲ್ಲೆಸುಗೂರಿನ ಮೌನೇಶ ಬಂಡಿಯ ಗಾಲಿ ಮಾಡುವ ಮನೆತನದವನು. ವಿಲಾಯತಿ ಮರ ಎಲ್ಲಿಂದ ತರುವುದು ಎಂದು ನಾನು ತಲೆ ಕೆಡಿಸಿಕೊಂಡಿದ್ದರೆ ಅವನು ಜಾಲಿಯ ದಿಮ್ಮಿ ತಂದು ಕೆಡವಿದ. "ಗಾಲಿಗಿ ನಡೀತದ ಅಂದ್ರ ಕಿಡಕಿಗಿ ನಡ್ಯಂಗಿಲ್ಲೇನ್ರೀ?" ಖಾಜಾ ಹಣೆ ಚಚ್ಚಿಕೊಂಡ: "ಹಳೇ ಗಾಡಿ ಮೇಳದಾಗ ಮಂದಿ ನಗ್ತಾರ ಸಾಬ್, ಕಾರಿಗಿ ಮುಳ್ಳಿನ ಮರ ಅಂತ." "ನೀ ನಿನ್ನ ಎಣ್ಣಿ ಒರಸ್ಕೋ ಲೇ" ಎಂದ ಮೌನೇಶ. ಕೊನೆಗೊಂದು ದಿನ ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಶೆಡ್ಡಿನ ತಗಡೆಲ್ಲ ನಡುಗಿತು, ನಾವು ಮೂವರೂ ಕುಣಿದೆವು. ಆಗಲೇ ಮೌನೇಶ ಹಳೆಯ ಕದವನ್ನು ಒಳಮಗ್ಗುಲಾಗಿ ತಿರುಗಿಸಿ ನಾಲ್ಕು ಸಣ್ಣ ತೂತು ತೋರಿಸಿದ. "ಇಲ್ಲಿ ಚಿಲಕ ಇತ್ರೀ. ಮನಿ ಬಾಗಿಲದ್ದು." ನನ್ನ ನೆನಪಿನಲ್ಲಿ ಅಂಥ ಚಿಲಕವೇ ಇಲ್ಲ. ಅದು ಕಂಪನಿಯದಲ್ಲ, ಬೇಡ ಎಂದ ಖಾಜಾ. ತೂತು ಇದೆಯಲ್ಲ, ಹಾಕು ಎಂದೆ ನಾನು. ಗಂಜಿನಲ್ಲಿ ಹಿತ್ತಾಳೆಯದೊಂದು ತಂದು ಹೊಸ ಜಾಲಿ ಕದಕ್ಕೆ ಅದೇ ಜಾಗದಲ್ಲಿ ಕೂಡಿಸಿದೆವು.

ದೇವದುರ್ಗದಲ್ಲಿ ಚಿಗವ್ವ ಈಗಿರುವ ಅವಳ ಮಗಳ ಮನೆಯ ಮುಂದೆ ಹಾರ್ನ್ ಬಾರಿಸಿದಾಗ ಓಣಿಯ ಮಂದಿಯೆಲ್ಲ ಹೊರಗೆ ಬಂದರು. ಚಿಗವ್ವ ಮರವನ್ನು ಸವರಿ, ಬೆರಳು ಮೂಸಿ, "ಕುಸುಬಿ ಎಣ್ಣಿ ಹಚ್ಚಿಲ್ಲೇನ್ಲೇ?" ಎಂದಳು. ನಾನು ಮುಂದಿನ ಬಾಗಿಲು ತೆರೆದು ನಿಂತೆ. ಈ ಬರಹದ ಕೊನೆಯನ್ನು ನಾನು ಅಲ್ಲೇ ಇಟ್ಟುಕೊಂಡಿದ್ದೆ. ಅವಳು ನನ್ನನ್ನು ದಾಟಿ ಹಿಂದಕ್ಕೆ ಹೋದಳು.

"ಮುಂದ ಕೂಡು ಚಿಗವ್ವ. ಈಗ ಯಾರ ಕಂಬಳಿನೂ ಇಲ್ಲ."

"ಮುಂದ ಏನೈತಿ ನೋಡಾಕ? ನನ್ನ ಜಾಗಾ ನನಗ ಕೊಡು."

ದಿಂಬು ಹಾಕಿ ಹತ್ತಿಸಿದೆ. ಅವಳ ಕೈ ಕದದ ಒಳಗೆ ತಡಕಾಡಿ ಚಿಲಕಕ್ಕೆ ತಾಗಿ ನಿಂತಿತು. "ಅಯ್ಯ, ಇದನ್ನೂ ಹಾಕಿಯಲ್ಲೋ! ನಮ್ಮಪ್ಪನ ಮಣ್ಣು ಮುಗಿಸಿ ಬಂದ ಮೂರನೇ ದಿನಕ್ಕ ನಿಮ್ಮಜ್ಜ ತಾನೇ ನಿಂತು ಹಾಕಿಸಿದ್ದ. ನನಗ ಒಂದು ಮಾತೂ ಅನಲಿಲ್ಲ. ಬಡಿಗ್ಯಾಗ ಅಂದ, ಸೊಸಿ ಕೈಗೆ ಎಟುಕುವಂಗ ಹಾಕು ಅಂತ."

ಇಷ್ಟು ವರ್ಷ ನಾನು ಮನಸ್ಸಿನಲ್ಲಿ ಕಲ್ಲು ಮಾಡಿಟ್ಟುಕೊಂಡಿದ್ದ ಅಜ್ಜ. ಹೇಳಿಯೇಬಿಟ್ಟೆ: ಅವತ್ತು ಕದ ತೆಗೆಯದೆ ಓಡಿದವನು ನಾನು.

ಅವಳು ಕಾಣುವ ಕಣ್ಣನ್ನು ಸಣ್ಣಗೆ ಮಾಡಿ ನೋಡಿದಳು. "ನೀನಾ? ನೀ ಅವತ್ತು ಬಂದೇ ಇರಲಿಲ್ಲೋ ಹುಚ್ಚಾ. ಜ್ವರ ಬಂದು ಮನ್ಯಾಗ ಮಲಗಿದ್ದಿ. ನಾ ಒಬ್ಬಾಕೇ ಇದ್ದೆ."

ಹಾಗಾದರೆ ಕಾದ ಹಲಗೆಯ ತೊಗಲಿನ ವಾಸನೆ? ಗಾಜಿನ ಮೇಲಿನ ಅಂಗೈ? ಅವಳು ಮರೆತಿದ್ದಾಳೋ, ಅಥವಾ ಹುರಿಗಡಲೆಯ ಹಾಗೆ ಇದನ್ನೂ ನನ್ನ ಬಾಯಿಗೆ ಹಾಕುತ್ತಿದ್ದಾಳೋ? ಕದ ಹಾಕಿ ಗಾಡಿ ಬಿಟ್ಟೆ. ದಾರಿಯುದ್ದಕ್ಕೂ ಹಿಂದಿನಿಂದ ಅವಳ ಮಾತು: ಹೊಲ ಹೋತು, ಕಾಲುವಿ ಹೋತು, ಬಸ್ಸು ಹೋತು. ಕನ್ನಡಿಯಲ್ಲಿ ಅವಳ ಬೆನ್ನು ಕುಲುಕುತ್ತಿತ್ತು, ನನಗೆ ನಗು ತಡೆಯಲಾಗಲಿಲ್ಲ.

ಕುರ್ಡಿಯಲ್ಲಿ ಅವಳ ತವರುಮನೆ ಇದ್ದ ಜಾಗದಲ್ಲಿ ಒಂದು ಬೇವಿನ ಮರ, ಒಂದು ಒರಳುಕಲ್ಲು. ಗಾಡಿ ನಿಲ್ಲಿಸಿದ್ದೇ ಬಾಗಿಲು ತಳ್ಳಿ ಓಡಿದೆ. ಏಳು ವರ್ಷದವನ ಹಾಗೆ, ಕಾಲು ಎಡವುತ್ತ, ಗಾಡಿಯನ್ನು ಸುತ್ತಿ ಓಡಿದೆ. ಹಿಡಿಕೆಗೆ ಕೈ ಹಾಕುವಷ್ಟರಲ್ಲಿ ಒಳಗೆ ಚಿಲಕ ಖಟ್ ಎಂದಿತು. ಜಾಲಿ ಮರದ ಕದ ತಾನೇ ತೆರೆದುಕೊಂಡಿತು.

"ಯಾಕೋ ಇಷ್ಟು ಓಡಿ ಬಂದಿ?" ಎಂದು ಚಿಗವ್ವ ನನ್ನ ಹೆಗಲು ಹಿಡಿದು ಇಳಿದಳು, ಬೇವಿನ ಮರದ ಕಡೆ ನಡೆದಳು.