ಗೆರೆ ಮೇಷ್ಟ್ರ ಬಿಳಿ ಅಕ್ಷರಗಳು

ನಮ್ಮಪ್ಪ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಬೀದಿಯವರ ಬಾಯಲ್ಲಿ ಅವರು ಗೆರೆ ಮೇಷ್ಟ್ರು. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವರ ಕಸುಬು. ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಹಲಗೆಯ ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ಟಪ್ ಎಂದು ಗೆರೆ ಮೂಡುತ್ತಿತ್ತು. ಅದು ಕೂದಲೆಳೆಯಷ್ಟು ಓರೆಯಾದರೂ ಒರೆಸಿ ಮತ್ತೆ ಹೊಡೆಯುತ್ತಿದ್ದರು. ಇಷ್ಟೆಲ್ಲ ಯಾರು ಅಳೆದು ನೋಡುತ್ತಾರೆ ಮೇಷ್ಟ್ರೇ ಎಂದು ಅಂಗಡಿಯವರು ಗೊಣಗಿದರೆ, ನಾನು ನೋಡುತ್ತೇನಲ್ಲ ಎಂದು ಮುಂದಿನ ಗೆರೆಗೆ ಹೋಗುತ್ತಿದ್ದರು.

ಹಲಗೆ ನೀಲಿ ಇರಲಿ, ಕಡು ಹಸಿರಿರಲಿ, ಕಪ್ಪಿರಲಿ, ಅಪ್ಪನ ಅಕ್ಷರ ಮಾತ್ರ ಬಿಳಿ. ದೂರದಿಂದ ಬರುವವನ ಕಣ್ಣಿಗೆ ಮೊದಲು ಬೀಳುವುದು ಬಿಳಿ, ಉಳಿದದ್ದೆಲ್ಲ ಶೋಕಿ ಎನ್ನುವುದು ಅವರ ವಾದ. ಹಳದಿ ಅಕ್ಷರ ಬೇಕೆಂದು ಹಟ ಹಿಡಿದ ಒಬ್ಬ ಕ್ಷೌರಿಕನ ಜೊತೆ ಒಂದು ವಾರ ಮಾತು ಬಿಟ್ಟಿದ್ದರು. ಕೊನೆಗೆ ಗೆದ್ದವರು ಯಾರೆಂದು ಹೇಳಬೇಕಾಗಿಲ್ಲ.

ಆಮೇಲೆ ಪ್ರಿಂಟಿಂಗ್ ಯಂತ್ರಗಳು ಬಂದವು. ಅಪ್ಪ ಮೂರು ದಿನ ತೆಗೆದುಕೊಳ್ಳುವ ಬೋರ್ಡನ್ನು ಯಂತ್ರ ಅರ್ಧ ಗಂಟೆಯಲ್ಲಿ ಉಗುಳುತ್ತಿತ್ತು. ಆ ಯಂತ್ರಕ್ಕೆ ಕಂಪ್ಯೂಟರಿನಲ್ಲಿ ಚಿತ್ರ ಸಿದ್ಧಮಾಡಿ ಕೊಡುವ ಕೆಲಸಕ್ಕೆ ಸೇರಿದವಳು ಬೇರೆ ಯಾರೂ ಅಲ್ಲ, ಅವರ ಒಬ್ಬಳೇ ಮಗಳು ನಾನೇ. ಬೇರೆ ಅಪ್ಪಂದಿರಾಗಿದ್ದರೆ ಮುಖ ಗಂಟಿಕ್ಕಿಕೊಳ್ಳುತ್ತಿದ್ದರೋ ಏನೋ. ನಮ್ಮಪ್ಪ ಕುಂಚಗಳನ್ನು ತೊಳೆದು, ಒರೆಸಿ, ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟರು. ಮಾರನೆಯ ದಿನವೇ ನಮ್ಮ ಪ್ರಿಂಟಿಂಗ್ ಅಂಗಡಿಗೆ ಬಂದು ನನ್ನ ಹಿಂದೆ ನಿಂತು ತಪ್ಪು ಹುಡುಕತೊಡಗಿದರು.

ತಪ್ಪುಗಳಿಗೇನೂ ಬರವಿರಲಿಲ್ಲ. ಒಮ್ಮೆ ಬೇಕರಿಯವರ ಕೆಂಪು ವ್ಯಾನಿನ ಮೇಲೆ ಅವರ ಹೆಸರು ಮುದ್ರಿಸಬೇಕಿತ್ತು. ನಾನು ಅವಸರದಲ್ಲಿ ಅದನ್ನು ಜೆಪಿಜಿ ಅನ್ನುವ ಬಗೆಯ ಚಿತ್ರದ ಫೈಲಾಗಿ ಉಳಿಸಿ ಕಳಿಸಿದೆ. ಜೆಪಿಜಿಗೆ ಖಾಲಿ ಜಾಗ ಅನ್ನುವುದು ಗೊತ್ತಿಲ್ಲ, ಖಾಲಿ ಇದ್ದಲ್ಲೆಲ್ಲ ಬಿಳಿ ತುಂಬುತ್ತದೆ. ವ್ಯಾನಿನ ಮೇಲೆ ಹೆಸರಿನ ಸುತ್ತ ಇಷ್ಟಗಲ ಬಿಳಿ ಡಬ್ಬ ಬಂದು ಕೂತಿತು. ಅದೇನು ಅಕ್ಷರಗಳಿಗೆ ಬ್ಯಾಂಡೇಜು ಸುತ್ತಿಸಿದ್ದೀಯಾ ಎಂದು ಅಪ್ಪ ವಾರವಿಡೀ ಕಾಡಿದರು. ಆಗಲೇ ನಾನು ಅವರಿಗೆ ಇನ್ನೊಂದು ಬಗೆಯ ಫೈಲಾದ ಪಿಎನ್‌ಜಿಯ ವಿಷಯ ಹೇಳಿದ್ದು. ಹಿನ್ನೆಲೆ ತೆಗೆದು ಪಿಎನ್‌ಜಿ ಮಾಡಿದರೆ ಅಕ್ಷರ ಮಾತ್ರ ಉಳಿಯುತ್ತದೆ, ಸುತ್ತಲಿನದು ಗಾಜಿನ ಹಾಗೆ. ಯಾವ ಬಣ್ಣದ ಮೇಲೆ ಇಟ್ಟರೂ ಆ ಬಣ್ಣವೇ ಕಾಣುತ್ತದೆ.

ಈ ಮಾತು ಅಪ್ಪನಿಗೆ ಎಷ್ಟು ಹಿಡಿಸಿತೆಂದರೆ, ಒಂದು ಸಲ ಬರೆದಿಟ್ಟರೆ ಸಾವಿರ ಹಲಗೆಗೆ ಆಗುತ್ತದಾ ಎಂದು ಮತ್ತೆ ಮತ್ತೆ ಕೇಳಿದರು. ಅಂಗಡಿಯಲ್ಲಿ ಯಾರೂ ಬಳಸದ ಒಂದು ಪೆನ್ ಟ್ಯಾಬ್ಲೆಟ್, ಪೆನ್ನಿನಿಂದ ಗೀಚಿದ್ದು ಪರದೆಯ ಮೇಲೆ ಮೂಡುವ ಹಲಗೆ, ಬಿದ್ದಿತ್ತು. ಯಜಮಾನರನ್ನು ಕೇಳಿ ಮೂಲೆಯ ಕಂಪ್ಯೂಟರಿಗೆ ಅದನ್ನು ಜೋಡಿಸಿ ಕೊಟ್ಟೆ. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯವರೆಗೆ ಅಪ್ಪನ ಪಾಳಿ. ಅಕ್ಷರಮಾಲೆ ಪೂರ್ತಿ ನನ್ನ ಕೈಯಲ್ಲಿ ಬರೆದಿಡುತ್ತೇನೆ, ಮುಗಿಯುವವರೆಗೆ ಯಾರೂ ಇಣುಕಬಾರದು ಎಂದು ಕಟ್ಟಪ್ಪಣೆ ಮಾಡಿದರು. ಕುಂಚದ ಕೈ ಆ ಜಾರುವ ಪೆನ್ನಿಗೆ ಒಗ್ಗಲು ತಿಂಗಳು ಹಿಡಿಯಿತು. ಒಂದೊಂದು ಅಕ್ಷರವನ್ನೂ ಎರಡು ಮೂರು ದಿನ ತಿದ್ದುತ್ತಿದ್ದರು.

ವಿಧಾನ ಹೇಳಿಕೊಟ್ಟವಳು ನಾನೇ. ಕೆಳಗೆ ಕಪ್ಪು ಪದರ ಹಾಕಿಕೊಳ್ಳಿ, ಮೇಲೆ ಬಿಳಿಯಲ್ಲಿ ಬರೆಯಿರಿ. ಮುಗಿದ ಮೇಲೆ ಕಪ್ಪನ್ನು ಮರೆಮಾಡಿ. ಬೂದು ಚೌಕಳಿ ಕಂಡರೆ ಅಲ್ಲೇನೂ ಇಲ್ಲವೆಂದು ಅರ್ಥ, ಗಾಬರಿ ಬೇಡ. ಆಮೇಲೆ ಪಿಎನ್‌ಜಿಗೆ ಎಕ್ಸ್‌ಪೋರ್ಟ್ ಮಾಡಿ. ಪದರಗಳಿರುವ ಮೂಲ ಫೈಲ್ ಉಳಿಸಬೇಡಿ, ಸುಮ್ಮನೆ ಜಾಗ ತಿನ್ನುತ್ತದೆ. ಇದನ್ನೆಲ್ಲ ಅಪ್ಪ ಬಾಯಿಪಾಠ ಮಾಡಿಕೊಂಡು, ಒಂದು ಹೆಜ್ಜೆಯನ್ನೂ ಬಿಡದೆ ಐದು ತಿಂಗಳು ಪಾಲಿಸಿದರು.

ಅದೇ ದಿನಗಳಲ್ಲಿ ಮನೆಯಲ್ಲಿ ಅಮ್ಮನಿಗೆ ಒಂದು ಚಿಂತೆ ಹತ್ತಿತ್ತು. ಅಪ್ಪ ಒಂದು ದಿನ ಹಾಲು ಒಲೆಯ ಮೇಲಿಟ್ಟು ಮರೆತಿದ್ದರು. ಇನ್ನೊಂದು ದಿನ ನೆರೆಮನೆಯವರ ಹೆಸರು ನಾಲಿಗೆಗೆ ಬರದೆ ತಡಕಾಡಿದ್ದರು. ಅವರಪ್ಪನಿಗೂ ಅರಳುಮರಳು ಹೀಗೇ ಶುರುವಾಗಿದ್ದು ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು. ನಾನು ನಕ್ಕು ತಳ್ಳಿಹಾಕಿದೆ. ಆದರೆ ಆ ಮಾತು ಒಳಗೆಲ್ಲೋ ಕೂತಿತ್ತು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿರಲಿಲ್ಲ. ದೊಡ್ಡದೊಂದು ಬ್ಯಾನರ್ ಮೂಲೆಯ ಕಂಪ್ಯೂಟರಿನಿಂದ ಹೋಗಬೇಕಿತ್ತು. ಜಾಗ ಸಾಲದು ಎಂದು ಅದು ಮುಷ್ಕರ ಹೂಡಿತು. ಗಿರಾಕಿ ಮೇಜಿನ ಮೇಲೆ ಬೆರಳು ಕುಟ್ಟುತ್ತ ನಿಂತಿದ್ದ. ಅಳಿಸಲು ಏನಾದರೂ ಸಿಗುತ್ತದಾ ಎಂದು ಹುಡುಕುವಾಗ ಅಪ್ಪನ ಫೋಲ್ಡರ್ ಸಿಕ್ಕಿತು. ಮೊದಲ ಚಿತ್ರ ತೆರೆದೆ. ಬರೀ ಬಿಳಿ. ಎರಡನೆಯದೂ ಬಿಳಿ. ಹತ್ತು ತೆರೆದೆ, ಹತ್ತೂ ಹಾಲು ಚೆಲ್ಲಿದ ಹಾಗೆ ಬಿಳಿ. ಅಯ್ಯೋ ಅಪ್ಪ ಎಂದುಕೊಂಡೆ. ಎಲ್ಲವನ್ನೂ ಒಟ್ಟಿಗೆ ಆರಿಸಿ ಅಳಿಸಿದೆ. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ, ಜಾಗ ಬೇಕಿತ್ತಲ್ಲ.

ಸಂಜೆ ಮನೆಗೆ ಹೋಗಿ, ಅಮ್ಮನ ಮುಂದೆಯೇ ಹೇಳಿದೆ. "ಅಪ್ಪ, ನೀವು ಸೇವ್ ಮಾಡಿದ್ದೆಲ್ಲ ಖಾಲಿ. ಒಂದರಲ್ಲೂ ಏನೂ ಇರ್ಲಿಲ್ಲ, ಅಳಿಸ್ಬಿಟ್ಟೆ."

"ಬರೆದಿದ್ದೆನಲ್ಲ," ಎಂದರು ಅಪ್ಪ.

"ಬರೆದಿದೀನಿ ಅಂತ ನಿಮಗೆ ಅನ್ಸಿರುತ್ತೆ. ಹೋಗ್ಲಿ ಬಿಡಿ, ತಲೆ ಕೆಡಿಸ್ಕೋಬೇಡಿ."

ನಿಮಗೆ ಅನ್ಸಿರುತ್ತೆ ಎಂದೆ. ಆ ಮಾತನ್ನು ಈಗ ನೆನೆದರೆ ನನ್ನ ಬಾಯಿಗೆ ನಾನೇ ಬಡಿದುಕೊಳ್ಳಬೇಕು ಅನ್ನಿಸುತ್ತದೆ. ಅಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನಮ್ಮಿಬ್ಬರ ಮುಖವನ್ನೂ ಅಪ್ಪ ನೋಡಿದರು.

ಮರುದಿನದಿಂದ ಅವರು ಅಂಗಡಿಗೆ ಬರಲಿಲ್ಲ. ಒಲೆ ಹಚ್ಚುವ ಕೆಲಸ ಅಮ್ಮ ಅವರ ಕೈಯಿಂದ ಬಿಡಿಸಿದಳು. ಬೀಗದ ಕೈ ನನ್ನ ಚೀಲಕ್ಕೆ ಬಂತು. ಹೊರಗೆ ಹೊರಟರೆ ಜೊತೆಗೆ ಯಾರಾದರೂ ಇರಲೇಬೇಕು. ವಯಸ್ಸಿಗೆ ತಕ್ಕ ಮರೆವು, ಅದಕ್ಕಿಂತ ಹೆಚ್ಚೇನೂ ಕಾಣುತ್ತಿಲ್ಲ ಎಂದು ಡಾಕ್ಟರು ಹೇಳಿದರು. ನಾವು ನಂಬಲಿಲ್ಲ, ನಮ್ಮ ಹತ್ತಿರ ಪುರಾವೆ ಇತ್ತಲ್ಲ. ಐದು ತಿಂಗಳು ಖಾಲಿ ಹಾಳೆ ಉಳಿಸಿದ ಮನುಷ್ಯನಿಗೆ ಅರಳುಮರಳಲ್ಲದೆ ಇನ್ನೇನು? ಹಿಡಿದ ಪಟ್ಟು ಬಿಡದೆ ಕ್ಷೌರಿಕನನ್ನು ಮಣಿಸಿದ್ದ ಅಪ್ಪ ನಮ್ಮೆದುರು ಚಕಾರ ಎತ್ತಲಿಲ್ಲ. ಸ್ನಾನ ಮಾಡಿ ಬಂದು, ನನ್ನ ಸ್ನಾನ ಆಯ್ತಾ ಎಂದು ಅಮ್ಮನನ್ನು ಕೇಳುವಂತಾದರು. ಒದ್ದೆ ಟವೆಲು ಹೆಗಲ ಮೇಲೇ ಇರುತ್ತಿತ್ತು. ತಮ್ಮ ಕಣ್ಣನ್ನೂ ಕೈಯನ್ನೂ ಅವರೇ ನಂಬುವುದನ್ನು ಬಿಟ್ಟಿದ್ದರು.

ಹೀಗೆ ಒಂದೂವರೆ ವರ್ಷ ಕಳೆಯಿತು.

ಕಳೆದ ತಿಂಗಳು ಒಬ್ಬ ಹೊಸ ಟೈಲರು ಫೋನ್ ಮಾಡಿ, ನೀವು ಕಳಿಸಿದ ಲೋಗೋದಲ್ಲಿ ಏನೂ ಇಲ್ಲ, ಬರೀ ಬಿಳಿ ಎಂದು ರೇಗಿದರು. ಇಂಥ ಫೋನು ಹೊಸದಲ್ಲ. ನಗುತ್ತ ನನ್ನ ಮಾಮೂಲಿ ಉತ್ತರ ಶುರುಮಾಡಿದೆ. "ಸರ್, ಅದು ಬಿಳಿ ಅಕ್ಷರ, ಹಿನ್ನೆಲೆ ತೆಗೆದಿದೆ. ಬಿಳಿ ಕಿಟಕಿಯಲ್ಲಿ ತೆರೆದ್ರೆ ಬಿಳಿ ಮೇಲೆ ಬಿಳಿ, ಕಾಣಲ್ಲ. ಕೆಳಗೆ ಒಂದು ಕಪ್ಪು ಬಣ್ಣ ಇಟ್ಟು..."

ಅಲ್ಲಿಗೆ ಮಾತು ನಿಂತಿತು. ಆ ಕಡೆಯಿಂದ ಟೈಲರು ಹಲೋ ಹಲೋ ಅನ್ನುತ್ತಲೇ ಇದ್ದರು. ವರ್ಷಗಟ್ಟಲೆ ಕಂಡ ಕಂಡ ಗಿರಾಕಿಗಳಿಗೆ ಹೇಳಿದ ಉತ್ತರ ಇದು. ನನ್ನಪ್ಪನ ಫೋಲ್ಡರ್ ತೆರೆದ ದಿನ ಮಾತ್ರ ಅದು ನನಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ, ಅಮ್ಮನ ಚಿಂತೆ ತಲೆಯಲ್ಲಿ ಕೂತಿದ್ದರಿಂದ ನಾನು ಖಾಲಿಯನ್ನೇ ನೋಡಲು ಸಿದ್ಧಳಾಗಿದ್ದೆ.

ಕಂಪ್ಯೂಟರ್ ರಿಪೇರಿಯವರ ಬಳಿ ಹಳೆಯ ಡಿಸ್ಕನ್ನು ಹೊತ್ತುಕೊಂಡು ಓಡಿದೆ. ಎಷ್ಟು ದಿನವಾಯಿತು ಎಂದು ಕೇಳಿದರು. ಹೇಳಿದೆ. ಅದರ ಮೇಲೆ ನೂರು ಸಲ ಬೇರೇನೋ ಬರೆದಾಗಿದೆ ತಾಯಿ, ಇನ್ನು ಕೈಬಿಡಿ ಎಂದರು.

ಅಪ್ಪನಿಗೆ ಹೇಳಲು ಹನ್ನೊಂದು ದಿನ ಬೇಕಾಯಿತು. ದಿನವೂ ಬಾಯಿ ತೆರೆಯುತ್ತಿದ್ದೆ, ಊಟಕ್ಕೆ ಬನ್ನಿ ಎಂದು ಮುಚ್ಚುತ್ತಿದ್ದೆ. ಐದು ತಿಂಗಳ ಅಕ್ಷರಗಳನ್ನು ಕೊಂದವಳು ನಾನು ಎಂದು ಯಾವ ಬಾಯಲ್ಲಿ ಹೇಳಲಿ? ಈಗ ಅವರ ಬಲಗೈ ನಡುಗುತ್ತದೆ, ಮತ್ತೆ ಬರೆಯಿರಿ ಎನ್ನುವ ಹಾಗೂ ಇಲ್ಲ. ಕೊನೆಗೆ ಒಂದು ರಜೆಯ ದಿನ ಅವರು ಕಿಟಕಿಯ ಪಕ್ಕ ಕೂತು ಬಟಾಣಿ ಬಿಡಿಸುತ್ತಿದ್ದಾಗ ಎದುರು ಕೂತೆ. ಬಿಳಿಯ ಮೇಲಿನ ಬಿಳಿ, ನನ್ನ ಅವಸರ, ಖಾಲಿ ಮಾಡಿದ ಬುಟ್ಟಿ, ರಿಪೇರಿಯವರ ಮಾತು, ಒಂದನ್ನೂ ಮುಚ್ಚಿಡದೆ ಹೇಳಿದೆ. ತಪ್ಪಾಯಿತು ಎಂದೆ. ಎಷ್ಟು ಸಲ ಎಂದೆನೋ ನೆನಪಿಲ್ಲ.

ಅಪ್ಪ ಬಟಾಣಿ ಬಿಡಿಸುವುದನ್ನು ನಿಲ್ಲಿಸಿದರು.

"ಹಾಗಾದ್ರೆ ನಾನು ಬರೆದಿದ್ದೆ ತಾನೆ?"

"ಬರೆದಿದ್ರಿ ಅಪ್ಪ. ಎಲ್ಲಾನೂ ಬರೆದಿದ್ರಿ. ಎಲ್ಲಾನೂ ಸರಿಯಾಗೇ ಸೇವ್ ಮಾಡಿದ್ರಿ."

ಅವರು ಎದ್ದರು. ತೊಡೆಯ ಮೇಲಿದ್ದ ಸಿಪ್ಪೆಗಳು ನೆಲಕ್ಕೆ ಬಿದ್ದವು. ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲವರೆಗೆ ಹೋಗಿ, ಒಂದೂವರೆ ವರ್ಷದಿಂದ ನಾನು ಕೇಳದಿದ್ದ ಗಟ್ಟಿ ದನಿಯಲ್ಲಿ ಅಮ್ಮನಿಗೆ ಹೇಳಿದರು. "ಕೇಳಿಸ್ತೇನೇ? ನನ್ನ ತಲೆ ಸರಿಯಾಗೇ ಇತ್ತಂತೆ."

ಒಳಗೆ ಅಮ್ಮ ಅಳುವುದು ಕೇಳಿಸಿತು. ನಾನು ನೆಲಕ್ಕೆ ಬಿದ್ದ ಸಿಪ್ಪೆಗಳನ್ನು ಆರಿಸುತ್ತ ಕೂತೆ. ಆ ಅಕ್ಷರಗಳು ಇನ್ನು ಸಿಗುವುದೇ ಇಲ್ಲವಾ ಎಂದು ಕೇಳಿದರೆ ಏನು ಹೇಳಬೇಕೆಂದು ಹನ್ನೊಂದು ದಿನ ಯೋಚಿಸಿಟ್ಟುಕೊಂಡಿದ್ದೆ. ಅವುಗಳ ಬಗ್ಗೆ ಅಪ್ಪ ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ.