ಅತಿಥಿಯ ಕಾರಿನ ಮುಂದೆ

೨೦೦೬ರ ಚಳಿಗಾಲ, ಗುರುವಾರ, ಬೆಳಿಗ್ಗೆ ಏಳು ಗಂಟೆ. ದೋಹಾದ ನಮ್ಮ ವಿಶ್ವವಿದ್ಯಾಲಯದ ಗೇಟಿನಲ್ಲಿ ಅತಿಥಿಯೊಬ್ಬರನ್ನು ಸ್ವಾಗತಿಸಲು ಬ್ಯಾಂಡಿನ ವಿದ್ಯಾರ್ಥಿಗಳು, ವಾದ್ಯಗಳ ಸ್ಟೋರ್ ನೋಡಿಕೊಳ್ಳುವ ನಾನು ಮತ್ತು ಎಂ.ಎ. ಓದುತ್ತಲೇ ಬ್ಯಾಂಡಿನ ಸಹಾಯಕನಾಗಿದ್ದ ಉಡುಪಿಯ ತರುಣ ಇದ್ದೆವು. ಸೇನಾ ಬ್ಯಾಂಡಿನಲ್ಲಿದ್ದೆನೆಂದು ಹೇಳಿ ಕೆಲಸ ಹಿಡಿದಿದ್ದ ಅವನು ಏನು ಕೇಳಿದರೂ “ಸೇನೆಯಲ್ಲಿ ಹೀಗೇ ಸರ್” ಎನ್ನುತ್ತಿದ್ದ. ಪಾಲಿಶ್ ಕಾಣದ ಅವನ ಶೂ ನೋಡಿ ನನಗೆ ಮೊದಲಿಂದಲೂ ಅನುಮಾನ.

ಅತಿಥಿಯ ಕಾರು ಬಂದಾಗ ಅವನೊಬ್ಬನೇ ಸಾಲು ಬಿಟ್ಟು, ಕಾರಿಗೆ ಮುಖ ಮಾಡಿ, ಟ್ರಂಪೆಟ್ ಊದುತ್ತ ಹಿಂದಕ್ಕೆ ಹೆಜ್ಜೆಯಿಡುತ್ತ ಅದನ್ನು ಸಭಾಂಗಣದ ಬಾಗಿಲವರೆಗೆ ಕರೆತಂದ. ನಮ್ಮೂರಿನ ಮದುವೆ ಬ್ಯಾಂಡಿನವರು ಮದುಮಗನನ್ನು ಕರೆತರುವುದು ಹಾಗೆ.

“ಸೇನೆಯಲ್ಲಿ ಯಾರ ಮದುವೆ ಇತ್ತು ಮಾರಾಯ?” ಎಂದು ಸ್ಟೋರಿಗೆ ಮರಳಿದಾಗ ಕೇಳಿದೆ.

“ಬ್ಯಾಂಡಿನ ಡೈರೆಕ್ಟರಿಗೆ ಹೇಳ್ಬೇಡಿ ಸರ್, ನನ್ನ ವೀಸಾ ಹೋಗ್ತದೆ.”

ನಾನು ಟ್ರಂಪೆಟ್ ಒರೆಸಿ ಒಳಗಿಟ್ಟು, ಸ್ಟೋರಿಗೆ ಬೀಗ ಹಾಕಿ, ಸುಳ್ಳು ಹೇಳಿ ಕೆಲಸ ಹಿಡಿದವನ ಕೈಯಲ್ಲಿ ಸ್ಟೋರ್ ಬೇಡವೆಂದು ಅವನ ಬಳಿಯಿದ್ದ ಇನ್ನೊಂದು ಕೀಲಿಯನ್ನೂ ಇಸಿದುಕೊಂಡೆ.