ಹಿನ್ನೀರಿನಿಂದ ಎದ್ದು ಬಂದ ಸಂಗ್ರಾಣಿ ಕಲ್ಲು

ಕೇಳ್ರಪ್ಪಾ, ಇವತ್ತು ಒಂದು ಮೊಬೈಲ್ ಗೇಮ್ ನಮ್ಮಪ್ಪನನ್ನು ಕೆಣಕಿಬಿಟ್ಟಿತು.

ಊರಿನ ಗುರುತುಗಳ ಹತ್ತಿರ ನಡೆದು ಹೋಗಿ ಅಂಕ ಗಳಿಸುವ ಆಟವದು. ನಮ್ಮ ಕೊಲ್ಹಾರದ ಸಂಗ್ರಾಣಿ ಕಲ್ಲು, ಅಂದರೆ ಪೈಲ್ವಾನರು ಎತ್ತುವ ಭಾರದ ಗುಂಡು, ಅದರ ನಕ್ಷೆಯಲ್ಲಿ ಇನ್ನೂ ಮುಳುಗಿದ ಹಳೇ ಊರಲ್ಲೇ ಇತ್ತು. ಅಂಕ ಬೇಕೆಂದರೆ ಕೃಷ್ಣೆಯ ಹಿನ್ನೀರಿನಲ್ಲಿ ಈಜಬೇಕು! ಕಲ್ಲು ಈಗ ಹೊಸ ಊರಲ್ಲಿ, ನಮ್ಮ ಮನೆಯೆದುರಿಗೇ ಇದೆ ಎಂದು ಫೋಟೊ ಸಮೇತ ತಿದ್ದುಪಡಿ ಕಳಿಸಿದ್ದೆ. ಬೆಳಿಗ್ಗೆ ಅದನ್ನು ಪರಿಶೀಲಿಸಿದ ಯಾರೋ ಆಟಗಾರ ಬರೆದಿದ್ದ: "ಇಷ್ಟು ಭಾರದ ಕಲ್ಲು ಅಷ್ಟು ದೂರ ಸರಿಯಲಾರದು. ಸುಳ್ಳು ಮಾಹಿತಿ."

ಓದಿ ಹೇಳಿದೆ. ಅಪ್ಪ ತಿನ್ನುತ್ತಿದ್ದ ರೊಟ್ಟಿ ಬಿಟ್ಟು ಎದ್ದ.

"ಅದು ತಾನ ಸರದಿಲ್ಲ, ನಾ ಹೊತ್ತು ತಂದೇನಿ! ಊರು ಮುಳುಗೂವಾಗ ಮಂದಿ ತೊಲಿ, ಬಾಗಿಲಾ ಹೇರ್ಕೊಂಡು ಬಂದ್ರು. ನಾ ಇದನ್ನ ಹೆಗಲ ಮ್ಯಾಲ ಇಟ್ಕೊಂಡು ಬಂದೆ. ಹಂಗಂತ ಬರದು ಕಳಸು ಅವಗ!"

ಅಪ್ಪ ಹೇಳಿದಂತೆಯೇ ಬರೆದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಆಟಗಾರರಿಗೂ ಕಳಿಸಿದೆ. ಇಂಥ ತಿದ್ದುಪಡಿ ಒಪ್ಪಬೇಕೋ ಬೇಡವೋ ಎಂಬುದನ್ನು ಆಟಗಾರರ ಮತವೇ ತೀರ್ಮಾನಿಸುತ್ತದೆ; ಎಲ್ಲರೂ ಸಾಲಾಗಿ ನಮ್ಮ ಪರ ಮತ ಹಾಕಿದರು. ಸಂಜೆ ನೋಡಿದರೆ, ನಕ್ಷೆಯ ಕಲ್ಲು ನೀರಿನಿಂದೆದ್ದು ನಮ್ಮ ಮನೆ ಮುಂದೆ ಕೂತಿದೆ!

ಎದೆಯುಬ್ಬಿಸಿಕೊಂಡು ಅಪ್ಪನಿಗೆ ತೋರಿಸಿದೆ. "ನಾಲ್ಕು ತಾಲೂಕಿನವರು ಸೇರಿ ಸರಸೇವಿ ನೋಡಪ್ಪಾ!"

ಅಪ್ಪ ಕನ್ನಡಕ ಏರಿಸಿ ಫೋನ್ ನೋಡಿದ, ಆಮೇಲೆ ನನ್ನನ್ನು ನೋಡಿದ.

"ನಾ ಒಬ್ಬನ ಹೊತ್ತು ತಂದ ಕಲ್ಲು ಯವ್ವಾ ಇದು. ಫೋನಿನ್ಯಾಗ ಸರಸಾಕ ನಾಕು ತಾಲೂಕಿನ ಮಂದಿ ಬೇಕಾತೇನು?"